ಸೋಮವಾರ ರಾತ್ರಿಯ ಕುಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ಅಮೆರಿಕದ ಎರಡು ದೊಡ್ಡ ಕುಸ್ತಿ ಕಂಪನಿಗಳಾದ ಡಬ್ಲ್ಯುಡಬ್ಲ್ಯುಎಫ್ ಮತ್ತು ಡಬ್ಲ್ಯುಸಿಡಬ್ಲ್ಯು ಒಂದೇ ರಾತ್ರಿ, ಒಂದೇ ಹೊತ್ತಿನಲ್ಲಿ ಪೈಪೋಟಿಗೆ ಬಿದ್ದದ್ದರಿಂದ ರೆಸ್ಲಿಂಗ್‌ನಲ್ಲಿ ಬದಲಾದದ್ದೇನು?

ಉ: ಎಲ್ಲಕ್ಕಿಂತ ಮೊದಲು ಟಿವಿ ಕಾರ್ಯಕ್ರಮದ ಉದ್ದೇಶವೇ ಬದಲಾಯಿತು. ಅಲ್ಲಿಯವರೆಗೆ ವಾರದ ಕಾರ್ಯಕ್ರಮವೆಂದರೆ ಹೆಚ್ಚುಕಡಿಮೆ ಜಾಹೀರಾತೇ. ಹೆಸರಾಂತ ಪೈಲ್ವಾನ ಯಾರೋ ಅನಾಮಿಕನನ್ನು ಮೂರ್ನಾಲ್ಕು ನಿಮಿಷದಲ್ಲಿ ಕೆಡವಿ ಹೋಗುತ್ತಿದ್ದ. ಸಮಬಲರ ಕಾಳಗ ಬೇಕೆಂದರೆ ಟಿಕೆಟ್ ಕೊಳ್ಳಬೇಕು, ಇಲ್ಲವೇ ಪೇ-ಪರ್-ವ್ಯೂಗೆ (ಪ್ರತ್ಯೇಕ ಹಣ ಕೊಟ್ಟು ನೋಡುವ ಟಿವಿ ಪ್ರಸಾರ) ದುಡ್ಡು ಕಟ್ಟಬೇಕು. ಡಬ್ಲ್ಯುಡಬ್ಲ್ಯುಎಫ್‌ನ ‘ರಾ’ 1993ರ ಜನವರಿಯಿಂದಲೇ ಸೋಮವಾರ ಬರುತ್ತಿತ್ತು. 1995ರ ಸೆಪ್ಟೆಂಬರ್ 4ರಂದು ಡಬ್ಲ್ಯುಸಿಡಬ್ಲ್ಯು ಮಾಲೀಕ ಟೆಡ್ ಟರ್ನರ್ ಅವರ ಟಿಎನ್‌ಟಿ ವಾಹಿನಿಯಲ್ಲಿ ಆ ಕಂಪನಿಯ ‘ನೈಟ್ರೋ’ ಶುರುವಾಯಿತು. ಹಿಂದಿನ ರಾತ್ರಿಯಷ್ಟೇ ಡಬ್ಲ್ಯುಡಬ್ಲ್ಯುಎಫ್ ಪರವಾಗಿ ಆಡಿದ್ದ ಲೆಕ್ಸ್ ಲೂಗರ್ ಅಂದು ನೈಟ್ರೋದಲ್ಲಿ ನಡೆದು ಬಂದರು. ನೇರ ಪ್ರಸಾರದಲ್ಲಿ ಏನು ಬೇಕಾದರೂ ಆಗಬಹುದು ಎಂಬುದು ನೋಡುಗರಿಗೆ ಅಂದೇ ಮನದಟ್ಟಾಯಿತು.

ರಾ ಆಗ ಒಂದು ವಾರ ನೇರ ಪ್ರಸಾರವಾದರೆ, ಮುಂದಿನ ಕಂತುಗಳನ್ನು ಅದೇ ಊರಿನಲ್ಲಿ ಮೊದಲೇ ಚಿತ್ರೀಕರಿಸಿ ಇಟ್ಟುಕೊಳ್ಳುತ್ತಿತ್ತು. ಖರ್ಚು ಉಳಿಯುತ್ತಿತ್ತು, ಗುಟ್ಟು ಮಾತ್ರ ಉಳಿಯುತ್ತಿರಲಿಲ್ಲ. ನೈಟ್ರೋ ನಡೆಸುತ್ತಿದ್ದ ಎರಿಕ್ ಬಿಷಫ್ ಆ ಕಂತುಗಳಲ್ಲಿ ಗೆದ್ದವರಾರು ಎಂಬುದನ್ನು ತಮ್ಮ ಕಾರ್ಯಕ್ರಮದಲ್ಲೇ ಹೇಳಿಬಿಡುತ್ತಿದ್ದರು.

ನಿಜವಾದ ಜಗ್ಗಾಟ ನಡೆದದ್ದು ಹದಿನೈದು ನಿಮಿಷದ ಲೆಕ್ಕದಲ್ಲಿ. ರೇಟಿಂಗ್ ಕಾಲು ಗಂಟೆಗೊಂದರಂತೆ ಬಿಡಿಬಿಡಿಯಾಗಿ ಬರುತ್ತದೆ. ಹಾಗಾಗಿ ಕಾರ್ಯಕ್ರಮ ಹೆಣೆಯುವವರು ಕುಸ್ತಿಯ ಜೊತೆಗೆ ಗಡಿಯಾರವನ್ನೂ ನೋಡಬೇಕಾಯಿತು. ಮುಖ್ಯ ಕುಸ್ತಿಯನ್ನು ಗಂಟೆ ತಿರುಗುವ ಹೊತ್ತಿಗೆ ಸರಿಯಾಗಿ ನಡುವೆ ಬರುವಂತೆ ಇಟ್ಟರೆ, ಎದುರಿನ ವಾಹಿನಿಯಲ್ಲಿ ಹೊಸದೇನೋ ಶುರುವಾಗುವಾಗ ನೋಡುಗ ಇಲ್ಲೇ ಸಿಕ್ಕಿಕೊಂಡಿರುತ್ತಾನೆ. ಕುಸ್ತಿಯ ನಡುವೆಯೇ ಜಾಹೀರಾತು ಬಿಟ್ಟರೆ, ಫಲಿತಾಂಶಕ್ಕಾಗಿ ಕಾಯುತ್ತಾನೆ. ಇದಕ್ಕೆ ತೆತ್ತ ಬೆಲೆಯೂ ಇದೆ: ಕುಸ್ತಿಗಳು ಮೊಟಕಾದವು, ಬಹಳಷ್ಟು ಕುಸ್ತಿಗಳು ಹೊರಗಿನವರು ನುಗ್ಗಿ ಹೊಡೆದಾಡುವುದರಲ್ಲೇ ಮುಗಿಯತೊಡಗಿದವು. ತಿಂಗಳುಗಟ್ಟಲೆ ಬೆಳೆಸಿ ಮಾರಬಹುದಾದ ಕುಸ್ತಿಗಳು ಒಂದು ರಾತ್ರಿಯ ರೇಟಿಂಗ್‌ಗೆ ಖರ್ಚಾದವು. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಗೋಲ್ಡ್‌ಬರ್ಗ್ ಹಲ್ಕ್ ಹೋಗನ್ ಅವರಿಂದ ಪಟ್ಟ ಕಸಿದುಕೊಂಡ ಕುಸ್ತಿಯನ್ನು ಟಿವಿಯಲ್ಲಿ ಪುಕ್ಕಟೆ ತೋರಿಸಿದ್ದು ಇದಕ್ಕೆ ದೊಡ್ಡ ಉದಾಹರಣೆ.

ಪ್ರ: ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್‌ಗೆ ಮೋಸವಾಯಿತು ಎನ್ನುತ್ತಾರೆ. ಅದಕ್ಕೂ ಈ ಪೈಪೋಟಿಗೂ ಏನು ಸಂಬಂಧ?

ಉ: ನೇರ ಸಂಬಂಧ. 1995ರ ಡಿಸೆಂಬರ್‌ನಲ್ಲಿ ಅಲುಂಡ್ರಾ ಬ್ಲೇಜ್ ಡಬ್ಲ್ಯುಡಬ್ಲ್ಯುಎಫ್ ಮಹಿಳಾ ಪಟ್ಟದ ಬೆಲ್ಟನ್ನು ನೈಟ್ರೋಗೆ ತಂದು ಕ್ಯಾಮೆರಾ ಮುಂದೆಯೇ ಕಸದ ಬುಟ್ಟಿಗೆ ಹಾಕಿದ್ದರು. ಎರಡು ವರ್ಷದ ಬಳಿಕ ಹಾರ್ಟ್ ಚಾಂಪಿಯನ್ ಆಗಿದ್ದಾಗಲೇ ಡಬ್ಲ್ಯುಸಿಡಬ್ಲ್ಯುಗೆ ಹೊರಟರು. ಈ ಕುಸ್ತಿಯಲ್ಲಿ ಗೆಲ್ಲುವವರಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ; ಹಾರ್ಟ್ ತಮ್ಮ ದೇಶ ಕೆನಡಾದಲ್ಲಿ ಶಾನ್ ಮೈಕಲ್ಸ್‌ಗೆ ಸೋಲಲು ಒಪ್ಪಲಿಲ್ಲ. ಬೆಲ್ಟ್ ಮತ್ತೆ ಎದುರು ಪಾಳಯದಲ್ಲಿ ಕಾಣಿಸಿಕೊಂಡೀತೆಂಬ ಭಯ ಡಬ್ಲ್ಯುಡಬ್ಲ್ಯುಎಫ್ ಮಾಲೀಕ ವಿನ್ಸ್ ಮೆಕ್‌ಮಹನ್ ಅವರಿಗಿತ್ತು. 1997ರ ನವೆಂಬರ್ 9ರಂದು ಮೈಕಲ್ಸ್ ಪಟ್ಟು ಹಾಕಿದೊಡನೆ, ಹಾರ್ಟ್ ಸೋಲೊಪ್ಪದಿದ್ದರೂ, ಮೆಕ್‌ಮಹನ್ ಗಂಟೆ ಬಾರಿಸಲು ಹೇಳಿದರು. ಮಾತು ಕೊಟ್ಟು ದುಡಿಸಿಕೊಂಡ ಪೈಲ್ವಾನರಿಗೆ ಹೀಗೆ ಮಾಡಿದ್ದು ತಪ್ಪೇ. ಆದರೆ ಅದೇ ಘಟನೆಯಿಂದ ‘ದುಷ್ಟ ಮಾಲೀಕ’ ಮೆಕ್‌ಮಹನ್ ಪಾತ್ರ ಬಲವಾಯಿತು. ಪೈಲ್ವಾನ ಸ್ಟೀವ್ ಆಸ್ಟಿನ್ ಜೊತೆಗಿನ ಆ ಪಾತ್ರದ ಜಗಳ 1998ರಲ್ಲಿ ರಾ ಕಾರ್ಯಕ್ರಮವನ್ನು ಮತ್ತೆ ಮೇಲೆತ್ತಿತು.

ಪ್ರ: ಪೈಲ್ವಾನರಿಗೆ ಲಾಭವಾಯಿತೇ?

ಉ: ಆಯಿತು. ಡಬ್ಲ್ಯುಡಬ್ಲ್ಯುಎಫ್‌ನಲ್ಲಿ ಸಂಪಾದನೆ ಬಹುಮಟ್ಟಿಗೆ ಗಲ್ಲಾಪೆಟ್ಟಿಗೆ ತುಂಬಿದಷ್ಟೇ. ಟರ್ನರ್ ಕಂಪನಿ ವರ್ಷಕ್ಕಿಷ್ಟೆಂದು ಖಚಿತ ಮೊತ್ತ ಬರೆದುಕೊಡುತ್ತಿತ್ತು. 1996ರಲ್ಲಿ ಸ್ಕಾಟ್ ಹಾಲ್, ಕೆವಿನ್ ನ್ಯಾಶ್ ಅತ್ತ ಹೋದ ಮೇಲೆ ಡಬ್ಲ್ಯುಡಬ್ಲ್ಯುಎಫ್ ಕೂಡ ಕನಿಷ್ಠ ಖಾತರಿ ಕೊಡಲೇಬೇಕಾಯಿತು. ಇಷ್ಟಾದರೂ ಪೈಲ್ವಾನರನ್ನು ನೌಕರರೆಂದು ಪರಿಗಣಿಸದೆ ಸ್ವತಂತ್ರ ಗುತ್ತಿಗೆದಾರರಾಗಿಯೇ ಉಳಿಸಿದರು.

ಪ್ರ: 83 ವಾರ ಸತತವಾಗಿ ರೇಟಿಂಗ್‌ನಲ್ಲಿ ಗೆದ್ದ ನೈಟ್ರೋ ಮುಚ್ಚಿದ್ದೇಕೆ?

ಉ: ತಪ್ಪುಗಳು ಸಾಲುಗಟ್ಟಿದವು. 1999ರ ಜನವರಿ 4ರ ಒಂದೇ ರಾತ್ರಿಯನ್ನು ನೋಡಿ. ಮಿಕ್ ಫೋಲಿ ಪಟ್ಟ ಗೆಲ್ಲುವ ರಾ ಕಂತು ಮೊದಲೇ ಚಿತ್ರೀಕರಣವಾಗಿತ್ತು. ನೈಟ್ರೋ ವೀಕ್ಷಕ ವಿವರಣೆಕಾರರು ಹಳೆಯ ಚಾಳಿಯಂತೆ ಅದನ್ನು ಮೊದಲೇ ಹೇಳಿ ಲೇವಡಿ ಮಾಡಿದರು. ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅದನ್ನೇ ನೋಡಲು ವಾಹಿನಿ ಬದಲಿಸಿದರು. ಉಳಿದವರಿಗೆ ಸಿಕ್ಕಿದ್ದು, ಹೋಗನ್ ಬೆರಳಲ್ಲಿ ತಿವಿದೊಡನೆ ನ್ಯಾಶ್ ತಾವಾಗಿಯೇ ಅಂಗಾತ ಮಲಗಿ ಪಟ್ಟ ಒಪ್ಪಿಸಿದ ದೃಶ್ಯ.

ಆದರೂ ಕೊನೆಯ ಏಟು ಕೊಟ್ಟದ್ದು ರೇಟಿಂಗ್ ಅಲ್ಲ. ಟರ್ನರ್ ಕಂಪನಿಯನ್ನು ಕೊಂಡಿದ್ದ ಟೈಮ್ ವಾರ್ನರ್ ಇಂಟರ್ನೆಟ್ ಕಂಪನಿ ಎಒಎಲ್ ಜೊತೆ ವಿಲೀನವಾದ ಮೇಲೆ ಟರ್ನರ್ ವಾಹಿನಿಗಳ ಹೊಸ ಮುಖ್ಯಸ್ಥ ಜೇಮೀ ಕೆಲ್ನರ್ ಕುಸ್ತಿಯನ್ನೇ ತೆಗೆದುಹಾಕಿದರು. ಪ್ರಸಾರದ ವೇಳೆಯಿಲ್ಲದ ಕುಸ್ತಿ ಕಂಪನಿಯನ್ನು ಕೊಳ್ಳುವವರಾರು? 2001ರ ಮಾರ್ಚ್‌ನಲ್ಲಿ ಮೆಕ್‌ಮಹನ್ ಅದನ್ನು ಅಗ್ಗಕ್ಕೆ ಕೊಂಡರು. ಮುಂದಿನ ತಿಂಗಳು ಮೂರನೆಯ ಕಂಪನಿ ಇಸಿಡಬ್ಲ್ಯು ದಿವಾಳಿ ಅರ್ಜಿ ಹಾಕಿತು. ಸಂಬಳ ಕೇಳಿ ಎದ್ದುಹೋಗಲು ಪೈಲ್ವಾನರಿಗೆ ಅಮೆರಿಕದಲ್ಲಿ ಅಷ್ಟು ದೊಡ್ಡ ಎರಡನೇ ಬಾಗಿಲು ಉಳಿಯಲಿಲ್ಲ.

ಪ್ರ: ಈಗ ಅಂಥ ಪೈಪೋಟಿ ಇದೆಯೇ?

ಉ: ಸ್ವಲ್ಪ ಮಟ್ಟಿಗೆ. 2019ರ ಅಕ್ಟೋಬರ್‌ನಿಂದ ಹೊಸ ಕುಸ್ತಿ ಕಂಪನಿ ಎಇಡಬ್ಲ್ಯುನ ‘ಡೈನಮೈಟ್’ ಮತ್ತು ಡಬ್ಲ್ಯುಡಬ್ಲ್ಯುಇಯ (ಹಿಂದಿನ ಡಬ್ಲ್ಯುಡಬ್ಲ್ಯುಎಫ್) ‘ಎನ್‌ಎಕ್ಸ್‌ಟಿ’ ಬುಧವಾರ ಎದುರುಬದುರಾಗಿದ್ದವು. 2021ರ ಏಪ್ರಿಲ್‌ನಲ್ಲಿ ಎನ್‌ಎಕ್ಸ್‌ಟಿ ಮಂಗಳವಾರಕ್ಕೆ ಸರಿಯಿತು. ಎರಡನೇ ಬಾಗಿಲಂತೂ ಮತ್ತೆ ತೆರೆದಿದೆ: ಎಇಡಬ್ಲ್ಯು ಕಟ್ಟಿದವರಲ್ಲಿ ಒಬ್ಬರಾದ ಕೋಡಿ ರೋಡ್ಸ್ 2022ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಮರಳಿ, 2024ರ ರೆಸಲ್‌ಮೇನಿಯಾದಲ್ಲಿ ಅಲ್ಲಿನ ಪಟ್ಟ ಗೆದ್ದರು.