ದುಬಾರಿ ಬ್ರಾಂಡಿನ ಲ್ಯಾಪ್‌ಟಾಪ್: ಕೊಟ್ಟ ದುಡ್ಡಿಗೆ ಸಿಗುವುದಾದರೂ ಏನು?

ನೀವು ಎರಡು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೇಳಿದ್ದೀರಿ. ಎರಡರಲ್ಲೂ ಒಂದೇ ಪ್ರೊಸೆಸರ್, 16 ಜಿಬಿ ರ‍್ಯಾಮ್, ಫೈಲ್ ಉಳಿಸಲು 512 ಜಿಬಿ ಎಸ್‌ಎಸ್‌ಡಿ. ಆದರೂ ಹೆಸರುವಾಸಿ ಬ್ರಾಂಡಿನದ್ದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಬೆಲೆ. ಲೋಗೋಗೆ ಅಷ್ಟು ದುಡ್ಡು ಸುರಿಯಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ಕೆಲಸ ಅಂದರೆ ಬರವಣಿಗೆ, ಲೆಕ್ಕಪತ್ರ, ಬ್ರೌಸಿಂಗ್, ಆಗೊಮ್ಮೆ ಈಗೊಮ್ಮೆ ಫೋಟೊ ಎಡಿಟಿಂಗ್. ಐದಾರು ವರ್ಷ ಬಾಳಿಕೆ ಬರಬೇಕು ಅಂದಿದ್ದೀರಿ.

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು, ಮಾರುವವನಲ್ಲ. ಹೊಸ ಮಾಲಿನ ಮಿನುಗು ನನಗೆ ಕಾಣುವುದು ಕಮ್ಮಿ. ಎರಡು ಮೂರು ವರ್ಷ ದುಡಿದು ಸುಸ್ತಾದವು ನನ್ನ ಮೇಜಿಗೆ ಬರುತ್ತವೆ. ಅಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ: ಜಾಸ್ತಿ ಕೊಟ್ಟ ದುಡ್ಡು ವೇಗಕ್ಕೆ ಹೋಗುವುದು ಅಪರೂಪ. ಬೆಲೆಪಟ್ಟಿಯಲ್ಲಿ ಯಾರೂ ಬರೆಯದ ಭಾಗಗಳಿಗೆ ಹೋಗುತ್ತದೆ. ಆ ಭಾಗಗಳು ನಿಜವಾಗಿಯೂ ಒಳಗೆ ಇದ್ದರೆ ಕೊಡಿ, ಇಲ್ಲದಿದ್ದರೆ ಬೇಡ. ಇವೆಯೋ ಇಲ್ಲವೋ ಅನ್ನುವುದು ಮಾತ್ರ ಬ್ರಾಂಡಿನ ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ತೊಡಕಿರುವುದೇ ಅಲ್ಲಿ.

ಹಿಂಜ್‌ನಿಂದಲೇ ಶುರು ಮಾಡೋಣ. ಪರದೆಯನ್ನು ತಳಕ್ಕೆ ಜೋಡಿಸುವ ಭಾಗ. ಅಗ್ಗದ ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಹಿಂಜಿನ ಲೋಹದ ಪಟ್ಟಿ ಮೂರೋ ನಾಲ್ಕೋ ಸಣ್ಣ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಆ ಸ್ಕ್ರೂ ಕಚ್ಚಿಕೊಂಡಿರುವುದು ಹಿತ್ತಾಳೆಯ ಪುಟ್ಟ ನಟ್ಟುಗಳನ್ನು. ಆ ನಟ್ಟುಗಳು ಕೂತಿರುವುದು ಬರೀ ಪ್ಲಾಸ್ಟಿಕ್ಕಿನ ಗುಬಟುಗಳಲ್ಲಿ. ಹಿಂಜ್ ವರ್ಷ ಕಳೆದಂತೆ ಬಿಗಿಯಾಗುತ್ತದೆ. ಪರದೆ ಎತ್ತಿದ ಪ್ರತಿ ಸಲವೂ ಎಳೆತವೆಲ್ಲ ಆ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಒಂದು ದಿನ ಟಕ್ ಅಂತ ಸದ್ದು, ಮೂಲೆ ಬಾಯಿ ಬಿಡುತ್ತದೆ. ಜನ ಅದನ್ನು ಒತ್ತಿ ಕೂರಿಸಿ ಹಾಗೇ ಬಳಸುತ್ತಾರೆ. ಮುಂದೆ ಡಿಸ್‌ಪ್ಲೇ ಕೇಬಲ್ ಸವೆದು ಪರದೆ ಮಿಣಮಿಣ ಅನ್ನುತ್ತದೆ, ಇಲ್ಲವೇ ಪ್ಯಾನೆಲ್ಲೇ ಸೀಳುತ್ತದೆ.

ಮೊನ್ನೆ ಅಂಥದ್ದೇ ಒಂದು ಬಂತು. ಪ್ರೊಸೆಸರ್ ಗಟ್ಟಿ, ಎಸ್‌ಎಸ್‌ಡಿ ಗಟ್ಟಿ, ಬ್ಯಾಟರಿಯೂ ಪರವಾಗಿಲ್ಲ. ಎಡಗಡೆಯ ಗುಬಟು ಮಾತ್ರ ಪುಡಿಪುಡಿ. ನಟ್ಟುಗಳು ಕೇಸಿನೊಳಗೆ ಗಲಗಲ ಉರುಳಾಡುತ್ತಿದ್ದವು. ಅದರಲ್ಲೊಂದು ಮದರ್‌ಬೋರ್ಡಿನ ಮೇಲೆ ಹೋಗಿ ಕೂತಿತ್ತು. ಶಾರ್ಟ್ ಆಗದೇ ಇದ್ದದ್ದು ಪುಣ್ಯ. ಹಿಂದೆ ಯಾರೋ ಅಂಟು ಮೆತ್ತಿದ್ದರು, ಅದೂ ಕಿತ್ತು ಬಂದಿತ್ತು. ಇಡೀ ಕವರ್ ಬದಲಿಸಬೇಕು, ಆ ಮಾಡೆಲ್ಲಿನ ಕವರ್ ಸಿಗುವುದು ಕಷ್ಟ. ಕಂಪ್ಯೂಟರಿನ ಮಿದುಳು ಚೆನ್ನಾಗಿದ್ದರೂ ಮೈ ಸತ್ತಿತ್ತು. ಒಳ್ಳೆ ದರ್ಜೆಯ ಮಾಡೆಲ್‌ಗಳಲ್ಲಿ ಹಿಂಜಿನ ಸ್ಕ್ರೂ ನೇರವಾಗಿ ಅಲ್ಯೂಮಿನಿಯಂ ಬಾಡಿಗೆ ಅಥವಾ ಮೆಗ್ನೀಸಿಯಂ ಮಿಶ್ರಲೋಹದ ಚೌಕಟ್ಟಿಗೆ ಹೋಗುತ್ತದೆ. ಅಂಥವು ಹಿಂಜಿನ ಕಾರಣಕ್ಕೆ ನನ್ನ ಹತ್ತಿರ ಬರುವುದು ತೀರಾ ಕಮ್ಮಿ.

ದೊಡ್ಡ ಬ್ರಾಂಡ್ ಅಂದರೆ ದೊಡ್ಡ ಕಾರ್ಖಾನೆ, ಅದಕ್ಕೇ ಚೆನ್ನಾಗಿರುತ್ತದೆ ಅನ್ನುವವರಿದ್ದಾರೆ. ಹಾಗೇನಿಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳನ್ನು ತಯಾರಿಸಿ ಕೊಡುವುದು ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್ ಥರದ ತೈವಾನಿನ ಕಂಪನಿಗಳು. ಆಪಲ್‌ನ ಮ್ಯಾಕ್‌ಬುಕ್ ಮಾಡುವ ಕ್ವಾಂಟಾ ಬೇರೆ ಬ್ರಾಂಡ್‌ಗಳಿಗೂ ಮಾಡಿಕೊಡುತ್ತದೆ. ಹೊಲಿಯುವ ದರ್ಜಿ ಒಬ್ಬನೇ, ಬಟ್ಟೆ ಮಾತ್ರ ಗಿರಾಕಿ ಕೊಟ್ಟದ್ದು. ಪ್ಲಾಸ್ಟಿಕ್ ಗುಬಟು ಸಾಕು ಅಂತ ಬ್ರಾಂಡ್ ಬರೆದುಕೊಟ್ಟರೆ ಪ್ಲಾಸ್ಟಿಕ್ಕೇ ಬರುತ್ತದೆ.

ಇನ್ನು ಆ "ಒಂದೇ ಪ್ರೊಸೆಸರ್" ಅನ್ನುವ ಮಾತು. ಹೆಸರು ಒಂದೇ ಇರಬಹುದು, ಕೆಲಸ ಒಂದೇ ಅಲ್ಲ. ಇಂಟೆಲ್ಲಿನ ಒಂದೇ ಚಿಪ್ಪನ್ನು ಒಬ್ಬರು 15 ವಾಟ್‌ಗೆ ಕಟ್ಟಿಹಾಕುತ್ತಾರೆ, ಇನ್ನೊಬ್ಬರು 28 ವಾಟ್‌ವರೆಗೆ ಓಡಲು ಬಿಡುತ್ತಾರೆ. ಎಷ್ಟು ಬಿಡಬಹುದು ಅನ್ನುವುದು ಶಾಖ ಹೊರಹಾಕುವ ತಾಕತ್ತಿನ ಮೇಲೆ ನಿಂತಿದೆ. ಸಣ್ಣ ಫ್ಯಾನು, ಶಾಖ ಸಾಗಿಸುವ ಹೀಟ್‌ಪೈಪ್ ಒಂದೇ ಇದ್ದರೆ ಮೊದಲ ಅರ್ಧ ನಿಮಿಷ ಜೋರಾಗಿ ಓಡಿ, ಬಿಸಿಯಾದ ಕೂಡಲೇ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಕೈಯಾಡಿಸಿದರೆ ಇದು ತಿಳಿಯುವುದೇ ಇಲ್ಲ. ರ‍್ಯಾಮಿನಲ್ಲೂ ಹೀಗೇ. 16 ಜಿಬಿ ಒಂದೇ ಕಡ್ಡಿಯಲ್ಲಿದೆಯೋ, 8 ಮತ್ತು 8 ಅಂತ ಎರಡು ಕಡ್ಡಿಯಲ್ಲಿದೆಯೋ? ಒಂದೇ ಕಡ್ಡಿಯಾದರೆ ಚಿಪ್ಪಿನೊಳಗಿನ ಗ್ರಾಫಿಕ್ಸ್ ಎದ್ದು ಕಾಣುವಷ್ಟು ನಿಧಾನ. ಪಟ್ಟಿಯಲ್ಲಿ ಮಾತ್ರ ಎರಡೂ 16 ಜಿಬಿಯೇ, ಅಲ್ವಾ? ಆದರೆ ನಿಜ ಹೇಳಬೇಕು. ನಿಮ್ಮ ಕೆಲಸಕ್ಕೆ ಈ ವ್ಯತ್ಯಾಸ ಗೊತ್ತಾಗುವುದು ಫೋಟೊ ಎಡಿಟ್ ಮಾಡುವಾಗ ಮಾತ್ರ. ಬರೆಯಲು, ಲೆಕ್ಕ ಇಡಲು ಎರಡೂ ಧಾರಾಳ.

ನಿಮಗೆ ದಿನವೂ ತಟ್ಟುವುದು ಪರದೆ. ಅಗ್ಗದ ಮಾಡೆಲ್‌ಗಳಲ್ಲಿ 250 ನಿಟ್ಸ್ ಬೆಳಕು, 45 ಶೇಕಡಾ ಎನ್‌ಟಿಎಸ್‌ಸಿ ಬಣ್ಣ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಯಾರೂ ಓದುವುದಿಲ್ಲ. ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ; ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅಂದರೆ ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದರ ಅಳತೆ. ಈ ಕಮ್ಮಿ ಅಂಕಿಗಳ ಅರ್ಥ, ಕಿಟಕಿ ಪಕ್ಕ ಕೂತರೆ ಅಕ್ಷರ ಮಂಕು, ಕೆಂಪು ಬಣ್ಣ ಇಟ್ಟಿಗೆ ಬಣ್ಣ. ಇಂಥ ಪರದೆಯಲ್ಲಿ ಫೋಟೊ ತಿದ್ದಿ ಬೇರೆ ಪರದೆಯಲ್ಲಿ ನೋಡಿದರೆ ಮುಖಗಳೆಲ್ಲ ಉರಿಗೆಂಪು. ಕಮ್ಮಿ ಕಂಡಿದ್ದಕ್ಕೆ ನೀವು ಜಾಸ್ತಿ ಬಣ್ಣ ಏರಿಸಿರುತ್ತೀರಿ. ನೀವು ನೋಡಬೇಕಾದ್ದು 100 ಶೇಕಡಾ ಎಸ್‌ಆರ್‌ಜಿಬಿ ಅಥವಾ ಹೆಚ್ಚುಕಡಿಮೆ ಅದಕ್ಕೇ ಸಮನಾದ 72 ಶೇಕಡಾ ಎನ್‌ಟಿಎಸ್‌ಸಿ, ಜೊತೆಗೆ 300ಕ್ಕಿಂತ ಜಾಸ್ತಿ ನಿಟ್ಸ್. ಜಾಸ್ತಿ ದುಡ್ಡಿಗೆ ಇದು ಬರುತ್ತಿದ್ದರೆ ಕೊಟ್ಟದ್ದಕ್ಕೆ ಮೋಸವಿಲ್ಲ. ಕೀಬೋರ್ಡ್, ಟಚ್‌ಪ್ಯಾಡ್ ಬಗ್ಗೆ ನಾನು ಬರೆದು ಹೇಳುವುದಕ್ಕಿಂತ ನಿಮ್ಮ ಬೆರಳೇ ಒಳ್ಳೆ ತೀರ್ಪು ಕೊಡುತ್ತದೆ.

ಆಪಲ್ ಬಗ್ಗೆ ಬೇರೆಯಾಗಿ ಹೇಳಬೇಕು. ಅಲ್ಲಿ ಚಿಪ್ಪೇ ಬೇರೆ. 2020ರ ಕೊನೆಗೆ ಆಪಲ್‌ನದೇ ಚಿಪ್ ಎಂ1 ಬಂದ ಮೇಲೆ ಲೆಕ್ಕ ಬದಲಾಯಿತು. ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಧೂಳು ತುಂಬುವುದಿಲ್ಲ, ಫ್ಯಾನು ಕೂಗುವುದಿಲ್ಲ. ಚಾರ್ಜರ್ ಕಿತ್ತರೂ ವೇಗ ಇಳಿಯುವುದಿಲ್ಲ. ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಓಡುವಾಗ ಒಂದು ಗೇರ್ ಇಳಿಸಿಬಿಡುತ್ತವೆ. ಇಡೀ ದಿನ ಚಾರ್ಜರ್ ಇಲ್ಲದೆ ಓಡಾಡುವವರಿಗೆ ಆ ಬೆಲೆ ಜಾಸ್ತಿ ಅಂತ ನಾನು ಹೇಳುವುದಿಲ್ಲ. ಹಳೆಯದನ್ನು ಮಾರುವಾಗಲೂ ಅದಕ್ಕೆ ಬೇರೆಯವಕ್ಕಿಂತ ಒಳ್ಳೆ ಬೆಲೆ ಸಿಗುತ್ತದೆ.

ಆದರೆ ಅದೇ ಆಪಲ್ ಕೈ ಕಚ್ಚುವುದು ರ‍್ಯಾಮ್ ಮತ್ತು ಎಸ್‌ಎಸ್‌ಡಿಯಲ್ಲಿ. ಮ್ಯಾಕ್‌ಬುಕ್‌ನಲ್ಲಿ ಎರಡೂ ಬೆಸುಗೆ ಹಾಕಿದ್ದು. ಆಮೇಲೆ ಏರಿಸುವ ಮಾತೇ ಇಲ್ಲ. ಕೊಳ್ಳುವಾಗಲೇ ಏರಿಸಬೇಕು, ಅದಕ್ಕೆ ಅವರು ಹೇಳುವ ದರ ಬಹುಕಾಲ ಬಿಡಿ ಭಾಗಗಳ ಮಾರುಕಟ್ಟೆ ದರಕ್ಕಿಂತ ಎಷ್ಟೋ ಜಾಸ್ತಿ ಇರುತ್ತಿತ್ತು. 2024ರ ಅಕ್ಟೋಬರ್‌ವರೆಗೂ ಮ್ಯಾಕ್‌ಬುಕ್ ಏರ್‌ನ ಕೆಳಗಿನ ಮಾಡೆಲ್ 8 ಜಿಬಿಯಲ್ಲೇ ಬರುತ್ತಿತ್ತು, ಆಮೇಲೆ 16 ಆಯಿತು. 2022ರ ಎಂ2 ಏರ್‌ನ 256 ಜಿಬಿ ಮಾಡೆಲ್‌ಗೆ ಎರಡರ ಬದಲು ಒಂದೇ ಮೆಮೊರಿ ಚಿಪ್ ಹಾಕಿದ್ದರಿಂದ ಅದರ ಎಸ್‌ಎಸ್‌ಡಿ ಹಿಂದಿನ ಎಂ1ಗಿಂತ ನಿಧಾನವಾಗಿತ್ತು. ದುಬಾರಿ ಬ್ರಾಂಡಿನ ಅತಿ ಅಗ್ಗದ ಮಾಡೆಲ್ ಅಂದರೆ ನನಗೆ ಯಾವತ್ತೂ ಅನುಮಾನ.

ದುಬಾರಿಯದ್ದು ಕೆಡುವುದಿಲ್ಲ ಅನ್ನುವ ನಂಬಿಕೆಯನ್ನೂ ಬಿಟ್ಟುಬಿಡಿ. ಆಪಲ್ 2015ರಲ್ಲಿ ಶುರು ಮಾಡಿದ ಬಟರ್‌ಫ್ಲೈ ಅನ್ನುವ ತೆಳು ಕೀಬೋರ್ಡಿಗೆ ಒಂದು ಕಣ ಧೂಳು ಹೊಕ್ಕರೆ ಸಾಕಿತ್ತು. ಕೀ ಒತ್ತಿದರೆ ಅಕ್ಷರವೇ ಬರುತ್ತಿರಲಿಲ್ಲ, ಇಲ್ಲ ಎರಡೆರಡು ಬರುತ್ತಿತ್ತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2022ರಲ್ಲಿ ಆಪಲ್ 5 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಕೀಬೋರ್ಡ್ ಬದಲಿಸಬೇಕೆಂದರೆ ಬ್ಯಾಟರಿ ಸಮೇತ ಮೇಲಿನ ಇಡೀ ಭಾಗ ಬದಲಿಸಬೇಕು. ತೆಳ್ಳಗೆ ಮಾಡುವ ಹಟಕ್ಕೆ ತೆತ್ತ ಬೆಲೆ ಅದು. ನನ್ನನ್ನು ಕೇಳಿದರೆ ತೆಳ್ಳಗಿನ ಸೊಗಸಿಗೆ ಜಾಸ್ತಿ ಕೊಡುವುದು ಸುಮ್ನೆ ದಂಡ. ತೆಳ್ಳಗಾದಷ್ಟೂ ಶಾಖಕ್ಕೆ ದಾರಿಯಿಲ್ಲ, ನನ್ನಂಥವನ ಸ್ಕ್ರೂಡ್ರೈವರ್‌ಗೂ ದಾರಿಯಿಲ್ಲ.

ಸಾಫ್ಟ್‌ವೇರ್ ವಿಷಯದಲ್ಲಂತೂ ಬೆಲೆ ಯಾರನ್ನೂ ಕಾಪಾಡುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ಲಿನ ಹೆಚ್ಚುಕಡಿಮೆ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. 2016ರಲ್ಲಿ ಯಾರಾದರೂ ಕಂಪನಿಯ ಅತಿ ದುಬಾರಿ ಲ್ಯಾಪ್‌ಟಾಪ್ ಕೊಂಡಿದ್ದರೆ ಅದೂ ಆ ಗೆರೆಯ ಆಚೆಗೇ ಉಳಿಯಿತು. ಆಪಲ್ ಕೂಡ ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಮ್ಯಾಕ್ ಆಪರೇಟಿಂಗ್ ಸಿಸ್ಟಂನ 2025ರ ಟಾಹೋ ಆವೃತ್ತಿಯೇ ಕೊನೆ ಅಂತ ಹೇಳಿಬಿಟ್ಟಿದೆ. ಹಾಗಾಗಿ ಎಷ್ಟೇ ಕೊಡಿ, ಚಿಪ್ ಹೊಸ ತಲೆಮಾರಿನದ್ದೇ ಇರಲಿ. ಡಿಸ್ಕೌಂಟ್ ಆಸೆಗೆ ಹಳೆ ಚಿಪ್ಪಿನ ದುಬಾರಿ ಮಾಡೆಲ್ ಹಿಡಿದುಕೊಂಡು ಬರಬೇಡಿ.

ಹಾಗಾದರೆ ಏನು ನೋಡಬೇಕು? ಸರಣಿ. ಒಂದೇ ಬ್ರಾಂಡಿನೊಳಗೆ ಮನೆಬಳಕೆಗೆ ಒಂದು ಸಾಲು, ಕಚೇರಿಗಳಿಗೆ ಒಂದು ಸಾಲು ಇರುತ್ತದೆ. ಲೆನೊವೊದಲ್ಲಿ ಐಡಿಯಾಪ್ಯಾಡ್ ಬೇರೆ, ಥಿಂಕ್‌ಪ್ಯಾಡ್ ಬೇರೆ. ಎಚ್‌ಪಿಯಲ್ಲಿ ಮನೆಬಳಕೆಗೆ ಪೆವಿಲಿಯನ್ ಇತ್ತು, ಕಚೇರಿಗೆ ಎಲೀಟ್‌ಬುಕ್ ಇದೆ. ಡೆಲ್‌ನಲ್ಲಿ ಇನ್‌ಸ್ಪಿರಾನ್, ಲ್ಯಾಟಿಟ್ಯೂಡ್ ಅಂತ ಇದ್ದವು. 2025ರಿಂದ ಲ್ಯಾಟಿಟ್ಯೂಡ್ ಜಾಗಕ್ಕೆ ಡೆಲ್ ಪ್ರೊ ಅನ್ನುವ ಹೆಸರು ಬಂತು. ಕಚೇರಿ ಸಾಲಿನವು ನೋಡಲು ಸಪ್ಪೆ. ಆದರೆ ದಿನಕ್ಕೆ ಎಂಟು ಗಂಟೆ ದುಡಿಯಲಿಕ್ಕೇ ಹುಟ್ಟಿದವು. ಥಿಂಕ್‌ಪ್ಯಾಡ್ 1992ರಲ್ಲಿ ಐಬಿಎಂ ತಂದದ್ದು, 2005ರಲ್ಲಿ ಲೆನೊವೊ ಕೈಗೆ ಬಂತು. ಯಾವ ಸ್ಕ್ರೂ ಎಲ್ಲಿ, ಯಾವುದನ್ನು ಮೊದಲು ಬಿಚ್ಚಬೇಕು ಅಂತ ಚಿತ್ರ ಸಮೇತ ಹೇಳುವ ರಿಪೇರಿ ಕೈಪಿಡಿಯನ್ನು ಕಂಪನಿಯೇ ಬಿಟ್ಟಿಯಾಗಿ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ರಿಪೇರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹಾಗಂತ ಹೆಸರು ನೋಡಿ ಕಣ್ಣು ಮುಚ್ಚಿ ಕೊಳ್ಳಬೇಡಿ. ಎಕ್ಸ್1 ಕಾರ್ಬನ್‌ನಂಥ ತೆಳು ಥಿಂಕ್‌ಪ್ಯಾಡ್‌ಗಳಲ್ಲೂ ರ‍್ಯಾಮ್ ಬೆಸುಗೆ ಹಾಕಿದ್ದೇ. ಸುಲಭ ರಿಪೇರಿಯೇ ಮುಖ್ಯ ಅನ್ನುವವರಿಗೆ 2021ರಲ್ಲಿ ಶುರುವಾದ ಫ್ರೇಮ್‌ವರ್ಕ್ ಅನ್ನುವ ಲ್ಯಾಪ್‌ಟಾಪ್ ಇದೆ. ಬಿಡಿ ಭಾಗ ಅವರೇ ಮಾರುತ್ತಾರೆ. ಅದೂ ಅಗ್ಗವೇನಲ್ಲ, ಆದರೆ ದುಡ್ಡು ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ.

ಕಚೇರಿ ಸಾಲಿನವು ಹೊಸದಾಗಿ ಕೈಗೆಟುಕದಿದ್ದರೆ ಬಳಸಿದ್ದನ್ನು ನೋಡಿ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಇವನ್ನು ಗುಡ್ಡೆಗುಡ್ಡೆಯಾಗಿ ಬದಲಿಸುತ್ತವೆ. ಅವು ಸರ್ವಿಸ್ ಆಗಿ ಮತ್ತೆ ಮಾರಾಟಕ್ಕೆ ಬರುತ್ತವೆ. ನನ್ನ ಸ್ವಂತ ಲ್ಯಾಪ್‌ಟಾಪ್ ಕೂಡ ಇಂಥದ್ದೇ. ಕೊಳ್ಳುವ ಮುಂಚೆ ಬಯೋಸ್‌ಗೆ (ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮ್ಯಾಕ್ ಆದರೆ ಹಳೆಯ ಮಾಲೀಕರು ತಮ್ಮ ಖಾತೆಯಿಂದ ಅದನ್ನು ತೆಗೆದಿದ್ದಾರೆಯೇ ಅಂತ ನಿಮ್ಮ ಕಣ್ಣೆದುರೇ ನೋಡಿ. ಇಲ್ಲದಿದ್ದರೆ ಲಾಕ್ ಬಿಡಿಸಲು ನನ್ನಿಂದಲೂ ಆಗುವುದಿಲ್ಲ. ಬ್ಯಾಟರಿ ಹೇಗೂ ಬದಲಿಸಬೇಕಾಗುತ್ತದೆ ಅಂದುಕೊಂಡೇ ಬೆಲೆ ಮಾತಾಡಿ.

ಡೆಸ್ಕ್‌ಟಾಪ್ ಸಾಕು ಅನ್ನುವುದಾದರೆ ಈ ಚರ್ಚೆಯೇ ಬೇಡ. ಅಲ್ಲಿ ಹಿಂಜೂ ಇಲ್ಲ, ಬ್ಯಾಟರಿಯೂ ಇಲ್ಲ. ಒಳ್ಳೆ ಪವರ್ ಸಪ್ಲೈ, ಒಳ್ಳೆ ಮಾನಿಟರ್ ಹಾಕಿ ಜೋಡಿಸಿಕೊಂಡರೆ ಬ್ರಾಂಡಿಗೆ ಜಾಸ್ತಿ ಕೊಡುವ ಕಾರಣ ನನಗಂತೂ ಕಾಣುವುದಿಲ್ಲ.

ನಿಮ್ಮ ಎರಡರ ವಿಷಯಕ್ಕೆ ಬರೋಣ. ದಿನಕ್ಕೆ ನಾಲ್ಕೈದು ಗಂಟೆ ಅದರ ಮುಂದೆ ಕೂರುತ್ತೀರಿ, ಚೀಲದಲ್ಲಿ ಹಾಕಿಕೊಂಡು ಓಡಾಡುತ್ತೀರಿ ಅಂದರೆ ಜಾಸ್ತಿ ಬೆಲೆಯದ್ದು ಐದು ವರ್ಷದಲ್ಲಿ ತನ್ನ ದುಡ್ಡು ದುಡಿಯುತ್ತದೆ. ಆದರೆ ಅದು ಗಟ್ಟಿ ಬಾಡಿ, ಒಳ್ಳೆ ಪರದೆ ಇರುವ ಸಾಲಿನದ್ದಾಗಿರಬೇಕು. ವಾರಕ್ಕೆರಡು ಸಲ ತೆರೆಯುವುದಾದರೆ ಅಗ್ಗದ್ದನ್ನೇ ಕೊಳ್ಳಿ. ಪರದೆಯನ್ನು ಒಂದು ಮೂಲೆ ಹಿಡಿದು ಎತ್ತಬೇಡಿ, ನಡುವೆ ಹಿಡಿದು ಎತ್ತಿ. ಉಳಿದ ದುಡ್ಡಿನಲ್ಲಿ ಬಣ್ಣ ಸರಿಯಾಗಿ ತೋರಿಸುವ ಒಂದು ಮಾನಿಟರ್ ತಗೊಳ್ಳಿ, ಫೋಟೊ ಕೆಲಸಕ್ಕೆ ಅದೇ ಮೇಲು.

ಅಂಗಡಿಗೆ ಹೋದಾಗ ಎರಡನ್ನೂ ಪಕ್ಕಪಕ್ಕ ಇಡಿಸಿ. ಕೀಬೋರ್ಡಿನ ನಡುಭಾಗ ಬೆರಳಲ್ಲಿ ಒತ್ತಿ, ಎಷ್ಟು ತಗ್ಗುತ್ತದೆ ನೋಡಿ. ಒಂದೇ ಫೋಟೊವನ್ನು ಎರಡರಲ್ಲೂ ತೆರೆದು ನೋಡಿ. ರ‍್ಯಾಮ್ ಬದಲಿಸಬಹುದಾ, ವಾರಂಟಿಯಲ್ಲಿ ಮನೆಗೆ ಬಂದು ರಿಪೇರಿ ಮಾಡುತ್ತಾರಾ ಅಂತ ಕೇಳಿ. ತಳದ ಚೀಟಿಯಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ ಇರುತ್ತದೆ, ಅದರ ಫೋಟೊ ತೆಗೆದುಕೊಂಡು ಬನ್ನಿ. ಆ ಸಂಖ್ಯೆ ಇಲ್ಲಿ ಹಾಕಿದರೆ ಕೈಪಿಡಿ ಹುಡುಕಿ ಹಿಂಜ್ ಯಾವುದಕ್ಕೆ ಕೂತಿದೆ ಅಂತ ನೋಡಿ ಹೇಳುತ್ತೇನೆ.