ತೋಟದ ಗುಂಡಿಯಲ್ಲಿ ‘ಪಾಂಡವರ ಮನೆ’

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ಚಪ್ಪಡಿ ಕಲ್ಲುಗಳ ಪೆಟ್ಟಿಗೆಯಂಥದ್ದು ಸಿಕ್ಕಿದೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯಿದೆ, ಒಳಗಿನ ಮಣ್ಣಿನಲ್ಲಿ ಮಡಕೆಯ ಅಂಚು ಕಾಣುತ್ತಿದೆ. ಊರವರು ಪಾಂಡವರ ಮನೆ ಎನ್ನುತ್ತಾರೆ. ನಿಧಿ ಇರಬಹುದೇ? ಮಡಕೆ ತೆಗೆದಿಡಬಹುದೇ?

ಉತ್ತರ: ದಯವಿಟ್ಟು ಮಡಕೆ ಮುಟ್ಟಬೇಡಿ. ನೀವು ಹೇಳುವ ಲಕ್ಷಣಗಳು ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಪ್ರಾಚೀನರ ಕಲ್ಲುಕೋಣೆ ಸಮಾಧಿಯವು. ನಿಮ್ಮ ತಾಲ್ಲೂಕಿನ ದೊಡ್ಡಮಳ್ತೆಯಲ್ಲೂ ಇಂಥವಿವೆ. ದಕ್ಷಿಣ ಭಾರತದಲ್ಲಿ ಇವು ಹೆಚ್ಚಾಗಿ ಕಬ್ಬಿಣ ಯುಗದವು, ಅಂದರೆ ಸುಲಭವಾಗಿ ಎರಡು ಸಾವಿರ ವರ್ಷ ದಾಟಿದವು.

ನಾಲ್ಕು ಚಪ್ಪಡಿಗಳನ್ನು ಒಂದರ ತುದಿ ಇನ್ನೊಂದನ್ನು ದಾಟುವಂತೆ ನಿಲ್ಲಿಸುವುದು ಇವುಗಳಲ್ಲಿ ಆಗಾಗ ಕಾಣುವ ಕ್ರಮ. ಆಗ ಹೊರಗಿನ ಮಣ್ಣು ಎಷ್ಟು ಒತ್ತಿದರೂ ಗೋಡೆ ಒಳಕ್ಕೆ ಬೀಳದು. ಎಷ್ಟು ಬಲ್ಲವರ ಕೆಲಸ ನೋಡಿ! ಕಿಂಡಿ ಬಹಳ ಕಡೆ ಪೂರ್ವಕ್ಕಿರುತ್ತದೆ. ಅದು ಕಟ್ಟಿದವರೇ ಕೊರೆದದ್ದು, ಕಳ್ಳರಲ್ಲ.

ನಿಧಿಯ ಆಸೆ ಬಿಡಿ. ಇಲ್ಲಿ ಸಾಮಾನ್ಯವಾಗಿ ಸಿಗುವುದು ಒಳಗೆ ಕಪ್ಪು, ಹೊರಗೆ ಕೆಂಪಾದ ಮಡಕೆಗಳು, ಕಬ್ಬಿಣದ ಕತ್ತಿ, ಬಾಣದ ಮೊನೆ, ಕೆಲವೊಮ್ಮೆ ಮಣಿಗಳು. ಕೊಡಗಿನ ಹುಳಿ ಮಣ್ಣು ಮತ್ತು ಮಳೆಯಲ್ಲಿ ಮೂಳೆ ಕರಗಿಹೋಗುವುದರಿಂದ ಯಾವ ಮಡಕೆ ಎಲ್ಲಿ, ಹೇಗೆ ಇತ್ತು ಎನ್ನುವುದೇ ದೊಡ್ಡ ಸಾಕ್ಷಿ. ಒಂದನ್ನು ಎತ್ತಿದರೂ ಆ ಸಾಕ್ಷಿ ಹೋಯಿತು. ಮೇಲಾಗಿ ನೀರು ಕುಡಿದ ಮಡಕೆ ಅಂಚು ಹಿಡಿದರೆ ಒಡೆಯುತ್ತದೆ, ಮಣ್ಣಿನಿಂದ ಹೊರಬಂದ ಕಬ್ಬಿಣ ಗಾಳಿ ತಾಗಿ ಪದರ ಪದರವಾಗಿ ಉದುರುತ್ತದೆ.

ಈಗ ಮಾಡಬೇಕಾದ್ದು: ಸುತ್ತಲಿನ ಗುಂಡಿಗಳನ್ನೂ ನಿಲ್ಲಿಸಿ, ಇಂಥ ಸಮಾಧಿ ಒಂಟಿಯಾಗಿರುವುದು ಕಡಿಮೆ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ಉತ್ತರ ದಿಕ್ಕು ಗುರುತಿಸಿ, ನಾಲ್ಕೂ ಕಡೆಯಿಂದ ಮತ್ತು ಮೇಲಿನಿಂದ ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಬರೆದಿಡಿ. ಮಳೆ ಹತ್ತಿರವಿದ್ದರೆ ನೆರಳು ಬಲೆ ಹಾಸಿ, ತೆಗೆದ ಮಣ್ಣನ್ನೇ ಕೈಯಿಂದ ಮೆತ್ತಗೆ ತುಂಬಿ. ತುಳಿದು ಗಟ್ಟಿ ಮಾಡಬೇಡಿ. ಇಳಿಜಾರಿನ ಮೇಲ್ಬದಿಗೆ ಮಣ್ಣಿನ ಚೀಲ ಅಡ್ಡವಿಟ್ಟು ನೀರು ತಿರುಗಿಸಿ. ಅಲ್ಲಿ ಚರಂಡಿ ತೋಡಿದರೆ ಇನ್ನೊಂದು ಸಮಾಧಿಗೆ ಹಾರೆ ಬಿದ್ದೀತು. ಆಮೇಲೆ ಸಿಕ್ಕ ದಿನ, ಜಾಗ, ವಸ್ತುಗಳ ವಿವರ ಬರೆದು ಜಿಲ್ಲಾಧಿಕಾರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಕೊಡಿ. ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿದರೂ ದಾರಿ ಸಿಗುತ್ತದೆ.

ಪ್ರಶ್ನೆ: ಗದ್ದೆಯ ಬದುವಿನಲ್ಲಿ ಸವೆದ ಶಾಸನವಿದೆ. ಸುಣ್ಣದ ಕಡ್ಡಿ ತಿಕ್ಕಿ ಓದಬಹುದೇ? ಶಕ ವರ್ಷವನ್ನು ಇಸವಿಗೆ ತರುವುದು ಹೇಗೆ?

ಉತ್ತರ: ಸುಣ್ಣ, ಎಣ್ಣೆ, ಆಸಿಡ್ ಯಾವುದೂ ಬೇಡ. ಅಕ್ಷರವೆಂದು ನೀವು ಊಹಿಸಿ ತಿಕ್ಕಿದ ಗೆರೆ ಮುಂದಿನವರನ್ನೂ ದಾರಿ ತಪ್ಪಿಸುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಬದಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಏಳುತ್ತದೆ. ಬೆಳಕನ್ನು ಎಡ, ಬಲ, ಮೇಲೆ, ಕೆಳಗೆ ಸರಿಸಿ ಪ್ರತಿ ಸಲ ಫೋಟೋ ತೆಗೆಯಿರಿ, ಕ್ಯಾಮೆರಾ ಮಾತ್ರ ಕದಲಬಾರದು. ಒಂದು ದಿಕ್ಕಿನ ಬೆಳಕಿಗೆ ಸಮಾನಾಂತರವಾದ ಗೆರೆಗಳು ಅಡಗಿಬಿಡುತ್ತವೆ.

ಶಕ ವರ್ಷಕ್ಕೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣಗಳಿಗೆ 79. ಕೊಡಗಿನ ಪೆಗ್ಗೂರು ಶಾಸನದ ಶಕ 899 ಹೀಗೆ ಕ್ರಿ.ಶ. 977-78 ಆಗುತ್ತದೆ.