ಪ್ಲಾಟಿನಂ ನಾಣ್ಯ: ಅಪರೂಪದ ಲೋಹವೆಲ್ಲ ಹಣವಾಗುವುದಿಲ್ಲ

ಪ್ರಶ್ನೆ: ಪ್ಲಾಟಿನಂ ಚಿನ್ನಕ್ಕಿಂತ ಅಪರೂಪ, ಅದರ ಬೆಲೆ ಎಂದೂ ಕುಸಿಯುವುದಿಲ್ಲ ಎನ್ನುತ್ತಾರೆ. ಆದರೂ ಯಾವ ದೇಶವೂ ಅದನ್ನು ಚಲಾವಣೆಯ ನಾಣ್ಯ ಮಾಡಲಿಲ್ಲವೇಕೆ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಪ್ರತಿ ಸಲವೂ ಅವೇ ಎರಡು ತಪ್ಪುಗಳೊಂದಿಗೆ ಬರುತ್ತದೆ. ಒಂದು ದೇಶ ಮಾಡಿತ್ತು: ರಷ್ಯಾ, 1828ರಿಂದ 1845ರವರೆಗೆ. ಇನ್ನು ಬೆಲೆ ಕುಸಿಯದು ಎನ್ನುವುದು ಮಾರುವವರು ಹಬ್ಬಿಸಿದ ಮಾತು. ಆ ನಾಣ್ಯವನ್ನು ಮುಗಿಸಿದ್ದೇ ಅದರ ಬೆಲೆಯ ಓಲಾಟ.

1820ರ ದಶಕದಲ್ಲಿ ಉರಲ್ ಪರ್ವತಗಳ ನದಿಮರಳಿನಲ್ಲಿ ಪ್ಲಾಟಿನಂ ಹೇರಳವಾಗಿ ಸಿಕ್ಕಿತು. ಲೋಹವಿತ್ತು, ಕೊಳ್ಳುವವರಿರಲಿಲ್ಲ. ಅದು ಕರಗಲು 1768 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಗಿನ ಕುಲುಮೆಗಳಿಗೆ ಅದು ದಕ್ಕುತ್ತಿರಲಿಲ್ಲ. ಪ್ಯೋತ್ರ್ ಸೊಬೊಲೆವ್ಸ್ಕಿ ಎಂಬ ಎಂಜಿನಿಯರ್ ಕರಗಿಸುವ ಗೋಜಿಗೇ ಹೋಗಲಿಲ್ಲ. ಅದಿರನ್ನು ಆಮ್ಲಮಿಶ್ರಣದಲ್ಲಿ ಲೀನ ಮಾಡಿ, ನವಸಾಗರ ಹಾಕಿ ತಳಕ್ಕಿಳಿಸಿ, ಕಾಯಿಸಿ, ಸಿಕ್ಕ ಸ್ಪಂಜಿನಂಥ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಮತ್ತೆ ಕಾಯಿಸಿ ಗಟ್ಟಿಯಾದ ಬಿಲ್ಲೆ ಮಾಡಿದ. ಟಂಕಸಾಲೆಗೆ ಬೇಕಾದದ್ದು ಅಷ್ಟೇ.

ಹಣಕಾಸು ಮಂತ್ರಿ ಯೆಗೋರ್ ಕಾಂಕ್ರಿನ್ 1827ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನ ಅಭಿಪ್ರಾಯ ಕೇಳಿದ. ಈ ಲೋಹದ ಬೆಲೆ ನೆಲೆ ನಿಂತಿಲ್ಲ, ಬೇಡ ಎಂದು ಹಂಬೋಲ್ಟ್ ಬರೆದ. ಕಾಂಕ್ರಿನ್ ಕೇಳಲಿಲ್ಲ. ಮೊದಲು 3 ರೂಬಲ್, ಆಮೇಲೆ 6 ಮತ್ತು 12 ರೂಬಲ್ ನಾಣ್ಯಗಳು ಬಂದವು. 12 ರೂಬಲ್ ನಾಣ್ಯದ ಅಗಲ ಬೆಳ್ಳಿ ರೂಬಲ್‌ನಷ್ಟೇ, ತೂಕ ಮಾತ್ರ ಅದರ ಎರಡರಷ್ಟು, ಸುಮಾರು 41.4 ಗ್ರಾಂ. ಮೂರೂ ಸೇರಿ ಸುಮಾರು 15 ಟನ್ ಪ್ಲಾಟಿನಂ ನಾಣ್ಯವಾಯಿತು.

ಈಗ ಲೆಕ್ಕ ನೋಡಿ. 3 ರೂಬಲ್ ನಾಣ್ಯದ ತೂಕ 10.35 ಗ್ರಾಂ. ಮೂರು ಬೆಳ್ಳಿ ರೂಬಲ್‌ಗಳಲ್ಲಿದ್ದ ಶುದ್ಧ ಬೆಳ್ಳಿ ಸುಮಾರು 54 ಗ್ರಾಂ. ಅಂದರೆ ಪ್ಲಾಟಿನಂಗೆ ಸರ್ಕಾರ ಕಟ್ಟಿದ ಬೆಲೆ ಬೆಳ್ಳಿಯ ಐದು ಪಟ್ಟಿಗಿಂತ ತುಸು ಹೆಚ್ಚು. ಆಗ ಚಿನ್ನದ್ದು ಬೆಳ್ಳಿಯ ಸುಮಾರು ಹದಿನೈದೂವರೆ ಪಟ್ಟು. ಪ್ಲಾಟಿನಂ ಅಂದು ಚಿನ್ನದ ಮೂರನೇ ಒಂದು ಭಾಗಕ್ಕೆ ಸಿಗುತ್ತಿತ್ತು! ಅಪರೂಪವಾದದ್ದೆಲ್ಲ ದುಬಾರಿಯೇ ಎಂದು ವಾದಿಸುವವರು ಇದನ್ನೊಮ್ಮೆ ಬರೆದಿಟ್ಟುಕೊಳ್ಳಲಿ.

ನಾಣ್ಯದ ಮೇಲೆ ಒತ್ತಿದ ಅಂಕಿ ಕದಲುವುದಿಲ್ಲ, ಲೋಹದ ಬೆಲೆ ಕದಲುತ್ತದೆ. ಚಿನ್ನಕ್ಕೂ ಈ ಕಾಟ ಇತ್ತು. ಆದರೆ ಅದನ್ನು ಎಲ್ಲ ದೇಶಗಳ ಚಿನಿವಾರರೂ ಅಕ್ಕಸಾಲಿಗರೂ ಖಜಾನೆಗಳೂ ಕೊಳ್ಳುತ್ತಿದ್ದುದರಿಂದ ಬೆಲೆ ಒಮ್ಮೆಗೇ ಬೀಳುತ್ತಿರಲಿಲ್ಲ. ಪ್ಲಾಟಿನಂ ಕೊಳ್ಳುವವರು ಬೆರಳೆಣಿಕೆಯ ರಸಾಯನಶಾಸ್ತ್ರಜ್ಞರು, ಆಮ್ಲದ ಕಾರ್ಖಾನೆಯವರು. ಮಾರುವವರಲ್ಲಿ ರಷ್ಯಾವೇ ದೊಡ್ಡದು. ಹೊರಗೆ ಬೆಲೆ ಇಳಿದರೆ ಯಾರಾದರೂ ಅಗ್ಗದ ಲೋಹ ತಂದು ಖೋಟಾ ನಾಣ್ಯ ಹೊಡೆದು ಖಜಾನೆಯಿಂದ ಬೆಳ್ಳಿ ಎತ್ತಿಕೊಂಡು ಹೋಗಬಹುದಿತ್ತು. 1845ರಲ್ಲಿ ಟಂಕಿಸುವುದನ್ನು ನಿಲ್ಲಿಸಿ, ನಾಣ್ಯಗಳನ್ನು ವಾಪಸು ಪಡೆದರು.

ಇವತ್ತಿನ ಸ್ಥಿತಿಯೂ ಮೂಲದಲ್ಲಿ ಬದಲಾಗಿಲ್ಲ. 2008ರ ಆರಂಭದಲ್ಲಿ ಔನ್ಸ್‌ಗೆ 2,000 ಡಾಲರ್ ದಾಟಿದ ಪ್ಲಾಟಿನಂ ಅದೇ ವರ್ಷ 900ರ ಕೆಳಗೆ ಬಿತ್ತು. 2015ರಿಂದ ಅದು ಚಿನ್ನಕ್ಕಿಂತ ಅಗ್ಗ. ಬೇಡಿಕೆಯ ದೊಡ್ಡ ಪಾಲು ವಾಹನಗಳ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಬರುತ್ತದೆ, ಗಣಿಯ ಉತ್ಪಾದನೆಯ ಬಹುಪಾಲು ದಕ್ಷಿಣ ಆಫ್ರಿಕಾ ಒಂದರಿಂದ. ಕಾರಿನ ಮಾರುಕಟ್ಟೆ ಕೆಮ್ಮಿದರೆ ಪ್ಲಾಟಿನಂಗೆ ಜ್ವರ. ‘ಸುರಕ್ಷಿತ ಉಳಿತಾಯ’ ಎಂದು ಇದನ್ನು ಮಾರುವವರ ಮೇಲೆ ನನಗೆ ಸಿಟ್ಟಿದೆ. ಕಷ್ಟಕಾಲಕ್ಕೆಂದು ಎತ್ತಿಟ್ಟ ಹಣವನ್ನು ದಯವಿಟ್ಟು ಇದರಲ್ಲಿ ಹಾಕಬೇಡಿ.

ಪ್ರಶ್ನೆ: ಅಮೆರಿಕದ ಒಂದು ಔನ್ಸ್ ಪ್ಲಾಟಿನಂ ಈಗಲ್ ನಾಣ್ಯದ ಮೇಲೆ 100 ಡಾಲರ್ ಎಂದಿದೆ. ಅಷ್ಟೇ ಬೆಲೆಯೇ?

ಉತ್ತರ: ಅಲ್ಲ. 1997ರಿಂದ ಬರುತ್ತಿರುವ ಈ ನಾಣ್ಯವನ್ನು ಲೋಹದ ದರದ ಮೇಲೇ ಮಾರುತ್ತಾರೆ. ಮುಖಬೆಲೆ ಕಾನೂನಿನ ಶಾಸ್ತ್ರಕ್ಕೆ.

ಪ್ರಶ್ನೆ: ಲಕ್ಷ ಕೋಟಿ ಡಾಲರ್‌ನ ಪ್ಲಾಟಿನಂ ನಾಣ್ಯ ನಿಜವೇ?

ಉತ್ತರ: ಅಂಥ ನಾಣ್ಯ ಇಲ್ಲ. ಅಮೆರಿಕದ ಕಾನೂನು ಪ್ಲಾಟಿನಂ ನಾಣ್ಯಕ್ಕೆ ಯಾವುದೇ ಮುಖಬೆಲೆ ಹಾಕಲು ಬಿಡುತ್ತದೆ, ಅದರಿಂದ ಹುಟ್ಟಿದ ಪ್ರಸ್ತಾಪ ಅದು. 2013ರಲ್ಲಿ ಅಲ್ಲಿನ ಖಜಾನೆಯೇ ತಳ್ಳಿಹಾಕಿತು.

ಪ್ರಶ್ನೆ: ಬಿಳಿ ಚಿನ್ನ ಎಂದರೆ ಪ್ಲಾಟಿನಂ ತಾನೇ?

ಉತ್ತರ: ಅಲ್ಲ. ಅದು ಚಿನ್ನಕ್ಕೆ ನಿಕ್ಕಲ್ ಅಥವಾ ಪಲ್ಲಾಡಿಯಂ ಬೆರೆಸಿದ ಮಿಶ್ರಲೋಹ.

ಪ್ರಶ್ನೆ: ಒಬ್ಬರು 12 ರೂಬಲ್ ನಾಣ್ಯವನ್ನು ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಆಯಸ್ಕಾಂತಕ್ಕೆ ಅಂಟಲಿಲ್ಲ. ಕೊಳ್ಳಲೇ?

ಉತ್ತರ: ಬೇಡ. ಬೆಳ್ಳಿ, ಸೀಸ, ತಾಮ್ರ ಯಾವುದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆ ಪರೀಕ್ಷೆ ಏನನ್ನೂ ಸಾಬೀತುಮಾಡದು. 3 ರೂಬಲ್ ನಾಣ್ಯ ಹದಿಮೂರು ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದರೆ 12 ರೂಬಲ್ ಸುಮಾರು ಮೂರೂವರೆ ಸಾವಿರ ಮಾತ್ರ. ಅಗ್ಗಕ್ಕೆ ಸಿಗುವ ವಸ್ತುವೇ ಅಲ್ಲ. ಮೊದಲು ತೂಗಿ, ನೀರಿನಲ್ಲಿ ಮುಳುಗಿಸಿ ಸಾಂದ್ರತೆ ತೆಗೆಯಿರಿ: ಶುದ್ಧ ಪ್ಲಾಟಿನಂ ನೀರಿಗಿಂತ 21.45 ಪಟ್ಟು ಭಾರ, ಪುಡಿ ಒತ್ತಿ ಮಾಡಿದ ಆ ನಾಣ್ಯ ತುಸು ಕಡಿಮೆ ತೋರಿಸಬಹುದು. 10ರ ಆಸುಪಾಸು ಬಂದರೆ ಎದ್ದು ಬನ್ನಿ. ಸರಿಯಾಗಿ ಬಂದರೂ ಲೋಹ ಗೊತ್ತಾಯಿತೇ ಹೊರತು ನಾಣ್ಯವಲ್ಲ; ಸಂಗ್ರಾಹಕರಿಗಾಗಿ ಟಂಕಸಾಲೆಯೇ ನಂತರ ಹೊಡೆದ ಮರು ಅಚ್ಚುಗಳೂ ಇವೆ. ಮಾರುವವರಿಗೆ ಸಂಬಂಧವಿಲ್ಲದ ನಾಣ್ಯತಜ್ಞರು ನೋಡುವವರೆಗೆ ಮುಂಗಡವನ್ನೂ ಕೊಡಬೇಡಿ.